ವಾಲ್ವಿಗೆ ಹಚ್ಚಿದ ಕುಂಕುಮ

ಅಕ್ಷಿತಾ ಮತ್ತೊಮ್ಮೆ ಗನ್ನಿನ ಮೂತಿಯನ್ನು ವಾಲ್ವಿಗೆ ಒತ್ತಿ ಹಿಡಿದಳು. ಪುಟ್ಟ ಪರದೆಯ ಮೇಲೆ ಮೊದಲು ಬಂದ ಉತ್ತರವೇ ಬಂತು.

“ಉಕ್ಕೇ ಸರ್,” ಎಂದಳು. “ಬೋಟಿನ ಇಂಜಿನಿಗೆ ಹಾಕ್ತಾರಲ್ಲ, ಅಂಥದ್ದು.”

ಅದು ಗುಂಡು ಹಾರಿಸುವ ಗನ್ ಅಲ್ಲ. ಲೋಹಕ್ಕೆ ತಾಗಿಸಿ ಗುಂಡಿ ಒತ್ತಿದರೆ ಅದು ಯಾವ ಲೋಹವೆಂದು ಹೇಳುವ ಉಪಕರಣ. ಆಕಾರ ಮಾತ್ರ ಗನ್ನಿನದು, ಆದ್ದರಿಂದ ಕೇಂದ್ರದಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

ಕಪಾಟಿನೊಳಗಿದ್ದ ಅಸಲು ವಾಲ್ವನ್ನು ಯಾರೋ ತೆಗೆದು, ಅದರ ಜಾಗದಲ್ಲಿ ಈ ನಕಲಿಯನ್ನು ಇಟ್ಟಿದ್ದಾರೆಂದು ಅಂದು ಬೆಳಿಗ್ಗೆಯಷ್ಟೇ ತಿಳಿದಿತ್ತು.

ಸಿಪ್ರಿಯನ್ ಮಸ್ಕರೇನ್ಹಸ್ ಕನ್ನಡಕವನ್ನು ಹಣೆಗೇರಿಸಿ ವಾಲ್ವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಸ್ಟಮ್ಸ್ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ನೌಕರಿಯ ದಿನಗಳಲ್ಲಿ ಕಳ್ಳಸಾಗಣೆಯ ಜಾಡು ಹಿಡಿಯುವುದರಲ್ಲಿ ಹೆಸರು ಮಾಡಿದ್ದರು. ಹಿಂದಿನ ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಹೆಂಡತಿ ಮಗ್ದಲೀನ್ ತೀರಿಕೊಂಡ ಮೇಲೆ ಇಗರ್ಜಿಗೆ ಬಿಟ್ಟರೆ ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಇವತ್ತು ಬಂದಿರುವುದು ಲಿಡಿಯಾಳಿಗಾಗಿ.

ಲಿಡಿಯಾ ಅವರ ಅಣ್ಣನ ಮಗಳು, ಈ ಕೇಂದ್ರದ ಮುಖ್ಯಸ್ಥೆ. ಮೇಜಿನ ಆಚೆ ಕೈಕಟ್ಟಿ ಕುಳಿತಿದ್ದಳು. ಕುತ್ತಿಗೆಯ ಸರದಲ್ಲಿ ಶಿಲುಬೆಯ ಜೊತೆ ಕಪಾಟಿನ ಬೀಗದ ಕೈ ತೂಗುತ್ತಿತ್ತು.

ಬಂದರಿನ ಹಳೆಯ ಗೋದಾಮೊಂದರ ಮಹಡಿಯಲ್ಲಿ ಕೇಂದ್ರವಿತ್ತು. ಕೆಳಗೆ ಒಣಮೆಣಸಿನ ಮೂಟೆಗಳು, ಎದುರಿಗೆ ಲಕ್ಷದ್ವೀಪಕ್ಕೆ ಸಾಮಾನು ಹೇರುವ ಮಂಜಿ ದೋಣಿಗಳು. ಅಣ್ವಸ್ತ್ರಕ್ಕೆ ಬೇಕಾಗುವ ಸಾಮಾನು ಕಳ್ಳದಾರಿಯಲ್ಲಿ ಗಡಿ ದಾಟದಂತೆ ನೋಡಿಕೊಳ್ಳಲು ದೂರದ ಒಂದು ಸರಕಾರ ಬೇರೆ ಬೇರೆ ದೇಶಗಳ ಬಂದರುಗಳಿಗೆ ನಿಧಿ ಕೊಡುತ್ತಿತ್ತು. ಆ ನಿಧಿಯಿಂದಲೇ ಇಲ್ಲಿಯ ತರಬೇತಿ ನಡೆಯುತ್ತಿತ್ತು. ಹಡಗಿಗೆ ಸರಕು ಹೇರುವ ಏಜೆಂಟರೂ ಕಸ್ಟಮ್ಸಿಗೆ ಹೊಸದಾಗಿ ಸೇರಿದವರೂ ಬಂದು, ಹಾಲಿನ ಡೈರಿಗೆ ಹೋಗುವ ವಾಲ್ವಿಗೂ ಬಾಂಬಿನ ಕಾರ್ಖಾನೆಗೆ ಹೋಗುವ ವಾಲ್ವಿಗೂ ಇರುವ ವ್ಯತ್ಯಾಸವನ್ನು ಕಲಿತು ಹೋಗುತ್ತಿದ್ದರು. ಕಣ್ಣಿಗೆ ಎರಡೂ ಒಂದೇ. ಲೋಹ ಮಾತ್ರ ಬೇರೆ. ಅಸಲಿನದು ನಿಕ್ಕಲ್.

ನಿಧಿಯವರ ಪರಿಶೀಲನಾ ತಂಡ ನಾಳೆ ಬೆಳಿಗ್ಗೆ ಬರುವುದಿತ್ತು. ಅವರ ಮುಂದೆ ತೋರಿಸಲೆಂದು ಅಕ್ಷಿತಾ ಒಂದೊಂದೇ ಮಾದರಿಯನ್ನು ಗನ್ನಿಗೆ ಹಿಡಿದು ನೋಡುತ್ತಿದ್ದಾಗ ಕಳ್ಳತನ ಬಯಲಾಗಿತ್ತು. ಅವಳು ಕೇಂದ್ರದ ತಂತ್ರಜ್ಞೆ. ಮಾದರಿಗಳ ಪೆಟ್ಟಿಗೆಯ ಮೊಹರು ಒಡೆದ ದಿನವೂ ತಾನೇ ಪರೀಕ್ಷಿಸಿದ್ದೆ, ಅಂದು ಅದು ಅಸಲೇ ಆಗಿತ್ತು ಎಂದು ಅವಳು ಖಂಡಿತವಾಗಿ ಹೇಳುತ್ತಿದ್ದಳು.

“ಬಾಪ್ಪು,” ಲಿಡಿಯಾ ಚಿಕ್ಕಪ್ಪನನ್ನು ಕರೆದಳು. “ಅದನ್ನು ತೆಗೆದುಕೊಂಡು ಸಹಿ ಹಾಕಿದ್ದು ನಾನು. ಸಿಗಲಿಲ್ಲ ಅಂತಾದರೆ ನನ್ನ ಕೆಲಸ ಹೋಗುವುದು ದೊಡ್ಡದಲ್ಲ. ಯಾರಿಗೆ ಮಾರಿದೆ ಅಂತ ಪೊಲೀಸರು ಕೇಳ್ತಾರೆ.”

ಸಿಪ್ರಿಯನರಿಗೆ ಅದು ಗೊತ್ತಿತ್ತು. ದೇಶದ ಹೊರಗೆ ಕಳಿಸಲು ಸರಕಾರದ ವಿಶೇಷ ಅಪ್ಪಣೆ ಬೇಕಾದ ಸಾಮಾನು ಅದು. ಕಳೆದುಹೋಯಿತು ಎಂಬ ಮಾತನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ. ಅವರೇ ಆ ಕುರ್ಚಿಯಲ್ಲಿದ್ದರೆ ನಂಬುತ್ತಿರಲಿಲ್ಲ.

ಬೀಗದ ಕೈ ಯಾರ ಯಾರ ಕೈಗೆ ಹೋಗಿತ್ತು ಎಂದು ಕೇಳಿದರು. ತನ್ನ ಕೊರಳನ್ನು ಬಿಟ್ಟು ಎಲ್ಲಿಗೂ ಹೋಗಿಲ್ಲ, ಸ್ನಾನಕ್ಕೆ ಹೋಗುವಾಗಲೂ ತೆಗೆಯುವುದಿಲ್ಲ ಎಂದಳು ಲಿಡಿಯಾ. ಆಮೇಲೆ ನೆನಪು ಮಾಡಿಕೊಂಡವಳಂತೆ, ಕ್ರಿಸ್ಮಸ್ಸಿನ ಹಿಂದಿನ ದಿನ ಹಾಡಿನ ಅಭ್ಯಾಸಕ್ಕೆಂದು ತಾನು ಬೇಗ ಹೊರಟದ್ದನ್ನೂ, ಪಾಠ ಇನ್ನೂ ಮುಗಿಯದೆ ಇದ್ದುದರಿಂದ ಬೀಗದ ಕೈಯನ್ನು ಜಯಣ್ಣನಿಗೆ ಕೊಟ್ಟದ್ದನ್ನೂ ಹೇಳಿದಳು.

“ಅದೊಂದೇ ಸಲ,” ಎಂದಳು. “ನನ್ನನ್ನು ಕಂಡರೆ ಅವರಿಗೆ ಆಗುವುದಿಲ್ಲ, ನಿಮಗೆ ಗೊತ್ತುಂಟಲ್ಲ.”

ಜಯ ಸಾಲಿಯಾನ್. ಸಿಪ್ರಿಯನರ ಕೈಕೆಳಗೆ ಇನ್ಸ್‌ಪೆಕ್ಟರ್ ಆಗಿದ್ದವರು, ಈಗ ಈ ಕೇಂದ್ರದಲ್ಲಿ ಪಾಠ ಹೇಳುವವರು. ಹೆಸರು ಕೇಳಿದ ಕೂಡಲೇ ಸಿಪ್ರಿಯನರ ಮನಸ್ಸಿನಲ್ಲಿ ಏನೋ ಒಂದು ಚುರುಕಾಯಿತು. ಅದು ಬೇಟೆಯ ವಾಸನೆ ಹತ್ತಿದ ಹಳೆಯ ಅಧಿಕಾರಿಯ ಚುರುಕು ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ವಾಲ್ವಿನ ಬಾಯಿಯ ಸುತ್ತ, ತಿರುಪು ಕೂರುವ ಗೀರುಗಳ ಆಳದಲ್ಲಿ, ಕೆಂಪಗೆ ಏನೋ ಅಂಟಿಕೊಂಡಿತ್ತು. ಅಕ್ಷಿತಾ ತುಕ್ಕು ಎಂದಳು. ಸಿಪ್ರಿಯನರು ಕರವಸ್ತ್ರದ ತುದಿಯನ್ನು ಒದ್ದೆ ಮಾಡಿ, ಉಗುರಿಗೆ ಸುತ್ತಿಕೊಂಡು ಗೀರಿನಲ್ಲಿ ಎಳೆದರು. ಬಿಳಿ ಬಟ್ಟೆಯ ಮೇಲೆ ಬಂದ ಬಣ್ಣ ತುಕ್ಕಿನದಲ್ಲ. ಮೂಗಿನ ಹತ್ತಿರ ಹಿಡಿದರು. ಬಹಳ ಕ್ಷೀಣವಾಗಿ ಗಂಧದ ವಾಸನೆ ಇತ್ತು.

“ನಿಮ್ಮ ಪೆಟ್ಟಿಗೆ ವಿದೇಶದಿಂದ ಬಂದದ್ದು ಯಾವಾಗ?”

ದೀಪಾವಳಿ ಕಳೆದ ಮೇಲೆ ಎಂದಳು ಅಕ್ಷಿತಾ.

ಸಿಪ್ರಿಯನರು ಕರವಸ್ತ್ರವನ್ನು ಮಡಚಿ ಜೇಬಿಗೆ ಹಾಕಿದರು. ಅವರು ಕಸ್ಟಮ್ಸಿನಲ್ಲಿ ಎಷ್ಟೋ ಆಯುಧಪೂಜೆಗಳನ್ನು ಕಂಡಿದ್ದರು. ಆ ದಿನ ಜೀಪು, ಟೈಪ್‌ರೈಟರು, ತಕ್ಕಡಿ, ಬೀರು ಎಲ್ಲಕ್ಕೂ ಗಂಧ ಕುಂಕುಮ ಬೀಳುತ್ತಿತ್ತು. ಒಂದು ವರ್ಷ ಯಾರೋ ಉತ್ಸಾಹದಲ್ಲಿ ಮುಟ್ಟುಗೋಲು ಹಾಕಿದ ಟೇಪ್ ರೆಕಾರ್ಡರುಗಳಿಗೂ ಹಚ್ಚಿದ್ದರಿಂದ ಕೋರ್ಟಿನಲ್ಲಿ ವಕೀಲರು ಅದು ಯಾರ ದೇವರ ಪ್ರಸಾದ ಎಂದು ಕೇಳಿದ್ದರು.

ಪರದೇಶದ ಕಾರ್ಖಾನೆಯಲ್ಲಿ ವಾಲ್ವಿಗೆ ಕುಂಕುಮ ಹಚ್ಚುವವರಿಲ್ಲ. ಪೆಟ್ಟಿಗೆ ಊರಿಗೆ ಬರುವಷ್ಟರಲ್ಲಿ ನವರಾತ್ರಿ ಮುಗಿದಿತ್ತು. ಹಾಗಾದರೆ ಈ ನಕಲಿ, ಆಯುಧಪೂಜೆಯ ದಿನ ಮಂಗಳೂರಿನ ಯಾವುದೋ ಅಂಗಡಿಯ ಕಪಾಟಿನಲ್ಲಿ ಕುಳಿತಿದ್ದ ವಾಲ್ವು. ತಂದವನು ಒರೆಸಿದ್ದಾನೆ. ಗೀರಿನ ಆಳಕ್ಕೆ ಅವನ ಬಟ್ಟೆ ಮುಟ್ಟಿಲ್ಲ.

ಬಂದರಿನಲ್ಲಿ ಬೋಟಿನ ಬಿಡಿಭಾಗ ಮಾರುವ ಅಂಗಡಿಗಳಿಗೆ ಲೆಕ್ಕವಿಲ್ಲ. ಆದರೆ ಅವುಗಳಲ್ಲಿ ಒಂದು ಜಯನ ಹೆಂಡತಿಯ ತಮ್ಮನದು ಎಂಬುದು ಸಿಪ್ರಿಯನರಿಗೆ ಗೊತ್ತಿತ್ತು.

*

ಜಯನ ಮನೆಯಿದ್ದ ಪಡೀಲಿನವರೆಗೆ ಕೇಂದ್ರದ ಕಾರನ್ನು ಅಕ್ಷಿತಾಳೇ ಓಡಿಸಿದಳು. ಮಾದರಿ ಎಲ್ಲಿಗೆ ಹೋದರೂ ಅವಳು ಜೊತೆಗಿರಬೇಕೆಂಬುದು ನಿಧಿಯವರ ನಿಯಮ. ನಕಲಿಯಾದರೂ ಈಗ ಅದೇ ಮಾದರಿ. ಗನ್ನಿನ ಪೆಟ್ಟಿಗೆ ಹಿಂದಿನ ಸೀಟಿನಲ್ಲಿತ್ತು. ಲಿಡಿಯಾ ನಾಳೆಯ ಸಿದ್ಧತೆಗೆಂದು ಕೇಂದ್ರದಲ್ಲೇ ಉಳಿದಳು.

ಕಂಕನಾಡಿ ದಾಟುವಾಗ ಸಿಪ್ರಿಯನರು ಜೇಬಿನಲ್ಲಿದ್ದ ಜಪಮಾಲೆಯನ್ನು ಮುಟ್ಟಿದರು. ಮಗ್ದಲೀನಳದು ಅದು. ಒಂದು ನಮೋ ಮರಿಯ ಪ್ರಾರ್ಥನೆ ಹೇಳಿದರು. ಲಿಡಿಯಾಳಿಗಾಗಿ ಹೇಳಬೇಕೆಂದು ಶುರುಮಾಡಿದ್ದು. ನಡುವೆ ಮನಸ್ಸು ಜಯನ ಮನೆಗೆ ಓಡಿತು.

ಆ ಮನೆಗೆ ಹೋಗುವುದನ್ನು ಅವರು ಒಂದು ವರ್ಷದಿಂದ ತಪ್ಪಿಸುತ್ತ ಬಂದಿದ್ದರು. ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಮಗ್ದಲೀನಳೂ ಜಯನ ಹೆಂಡತಿ ಬಾಗಿಯೂ ಒಂದೇ ಕಾಯಿಲೆಗೆ ಒಂದೇ ಡಾಕ್ಟರರಲ್ಲಿಗೆ ಹೋದವರು. ಬಾಗಿಗೆ ಗುಣವಾಯಿತು. ಬೇರೆ ಪಾಪಗಳನ್ನು ಪಾದ್ರಿಗಳ ಮುಂದೆ ಹೇಳಿ ಹಗುರಾಗಬಹುದು. ಗೆಳೆಯನ ಹೆಂಡತಿ ಬದುಕಿರುವುದನ್ನು ಕಂಡು ಹೊಟ್ಟೆ ಉರಿಯುತ್ತದೆ ಎಂದು ಮೊಣಕಾಲೂರಿ ಹೇಳುವುದು ಹೇಗೆ?

ಬಾಗಿ ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಿದ್ದರು. ಇವರನ್ನು ಕಂಡು ಎದ್ದು ನಿಂತರು. ಕ್ರೈಸ್ತ ಹಿರಿಯರನ್ನು ತುಳುವರು ಕರೆಯುವಂತೆ ಸಿಪ್ರಿಯನರನ್ನು ಆ ಮನೆಯವರು ಪೊರ್ಬುಲು ಎಂದೇ ಕರೆಯುವುದು.

“ಪೊರ್ಬುಲು ದಾರಿ ತಪ್ಪಿ ಬಂದ್ರಾ? ಬಾಯಿ ನನ್ನದು ಜೋರು ಅಂತ ಈ ಕಡೆ ತಲೆಯೇ ಹಾಕ್ಲಿಲ್ಲ ನೀವು.”

“ಮೈ ಹೇಗುಂಟು ಬಾಗಿಯಕ್ಕ?”

“ನನಗೆ ಎಂತ ಆಗ್ತದೆ? ಇವರನ್ನು ಬೈಲಿಕ್ಕಾದರೂ ಇರ್ಬೇಕಲ್ಲ ಒಬ್ಬಳು.”

ಒಳಗಿನಿಂದ ಜಯ ಕನ್ನಡಕ ಕಾಣುವುದಿಲ್ಲವೆಂದು ಕೂಗಿದರು. ಬಾಗಿ ಹೋಗಿ ಅವರ ಅಂಗಿಯ ಜೇಬಿನಿಂದಲೇ ಅದನ್ನು ತೆಗೆದು ಕೈಗಿತ್ತು, ತಲೆ ಜೇಬಿನಲ್ಲಿಲ್ಲ ಪುಣ್ಯ ಎಂದು ಗೊಣಗಿದರು. ಸಿಪ್ರಿಯನರು ಅದನ್ನು ನೋಡಲಿಲ್ಲ. ಜಗಲಿಯ ಕಂಬ ನೋಡಿದರು.

ಜಯ ಜಗಲಿಗೆ ಬಂದರು. ಇಷ್ಟು ವರ್ಷ ಅವರೂ ಸಿಪ್ರಿಯನರೂ ತುಳುವಿನಲ್ಲೇ ಮಾತಾಡಿಕೊಂಡವರು. ಸಿಪ್ರಿಯನರು ತುಳುವಿನಲ್ಲೇ ಕ್ಷೇಮ ವಿಚಾರಿಸಿದರು. ಜಯ ಕಾರಿನ ಮೇಲಿದ್ದ ಕೇಂದ್ರದ ಹೆಸರನ್ನೂ, ಅಕ್ಷಿತಾಳ ಕೈಯಲ್ಲಿದ್ದ ಪೆಟ್ಟಿಗೆಯನ್ನೂ ನೋಡಿ, ಕನ್ನಡದಲ್ಲಿ ಉತ್ತರ ಕೊಟ್ಟರು. ಕನ್ನಡ ಅವರಿಬ್ಬರ ನಡುವೆ ಕಚೇರಿಯ ಭಾಷೆ.

“ಕೂತುಕೊಳ್ಳಿ ಸರ್,” ಎಂದರು. “ರಜೆಯ ದಿನ ಕೇಂದ್ರದ ಕಾರು ಬಂದಿದೆ. ಏನು ವಿಷಯ?”

ಸಿಪ್ರಿಯನರು ವಾಲ್ವನ್ನು ಟೀಪಾಯಿಯ ಮೇಲಿಟ್ಟರು. ಏನೂ ಹೇಳಲಿಲ್ಲ. ಮೌನವಾಗಿದ್ದು ಎದುರಿಗಿದ್ದವನನ್ನು ಮಾತಾಡಿಸುವುದು ಅವರ ಹಳೆಯ ಪದ್ಧತಿ. ಜಯ ಆ ಪದ್ಧತಿಯನ್ನು ಅವರಿಂದಲೇ ಕಲಿತವರು. ಆದ್ದರಿಂದ ಅವರೂ ಸುಮ್ಮನೆ ಕುಳಿತರು.

ಮೌನವನ್ನು ಮುರಿದವರು ಬಾಗಿ. ಬಸಳೆಯ ತಟ್ಟೆಯನ್ನು ಬದಿಗಿಟ್ಟು, ಬಗ್ಗಿ ನೋಡಿದರು.

“ಇದು ಬೋಟಿನದಲ್ವಾ? ನಮ್ಮ ದೀಪೇಶನ ಅಂಗಡಿಯಲ್ಲಿ ರಾಶಿ ಉಂಟು.”

ಕುಂಕುಮ ಕಾಣುತ್ತದೆ, ಅದು ಹೇಗೆ ಬಂದಿರಬಹುದು ಎಂದು ಸಿಪ್ರಿಯನರು ಮೆಲ್ಲಗೆ ಕೇಳಿದರು. ಬಾಗಿಗೆ ತಮ್ಮನ ಮೇಲೆ ಬಹಳ ಅಭಿಮಾನ. ಆಯುಧಪೂಜೆಗೆ ಅವನ ಅಂಗಡಿಗೆ ತಾನೇ ಹೋಗಿದ್ದೆ, ಬೇರೆಯವರ ಹಾಗೆ ಗಲ್ಲಾಪೆಟ್ಟಿಗೆಗೊಂದು ಬೊಟ್ಟು ಇಟ್ಟು ಕೈತೊಳೆದುಕೊಳ್ಳುವವನಲ್ಲ ಅವನು ಎಂದು ಹೇಳಿದರು.

“ಒಂದು ನಟ್ಟು ಬಿಡಲಿಕ್ಕಿಲ್ಲ, ಒಂದು ಬೋಲ್ಟು ಬಿಡಲಿಕ್ಕಿಲ್ಲ. ಹಚ್ಚಿ ಹಚ್ಚಿ ನನ್ನ ಬೆರಳೇ ಕೆಂಪಾಗಿತ್ತು. ಇದಕ್ಕೂ ನಾನೇ ಹಚ್ಚಿದ್ದೋ ಏನೋ.”

ಜಯ ಕಣ್ಣು ಮುಚ್ಚಿಕೊಂಡರು.

“ಬಾಗಿ, ಒಳಗೆ ಹೋಗು,” ಎಂದರು.

“ಯಾಕೆ?”

“ಹೋಗು ಮಾರಾಯ್ತಿ.”

ಬಾಗಿ ಹೋಗಲಿಲ್ಲ. ಗಂಡನ ಮುಖವನ್ನೂ ವಾಲ್ವನ್ನೂ ನೋಡಿ, ಇದ್ದಲ್ಲೇ ಕೂತರು.

ಸಿಪ್ರಿಯನರು ಒಂದೊಂದಾಗಿ ಹೇಳಿದರು. ಪೆಟ್ಟಿಗೆ ಬಂದದ್ದು ದೀಪಾವಳಿಯ ಮೇಲೆ. ಕುಂಕುಮ ಹಚ್ಚಿದ್ದು ಅದಕ್ಕೂ ಮೊದಲು. ಕ್ರಿಸ್ಮಸ್ಸಿನ ಹಿಂದಿನ ದಿನ ಬೀಗದ ಕೈ ಇದ್ದದ್ದು ಯಾರ ಕೈಯಲ್ಲಿ ಎಂದು ಕೇಳುವ ಅಗತ್ಯವೂ ಬೀಳಲಿಲ್ಲ. ಜಯ ಕೈಯೆತ್ತಿ ತಡೆದರು.

“ಸಾಕು ಸರ್. ನಾನೇ ತೆಗೆದದ್ದು.”

ಅಕ್ಷಿತಾ ಉಸಿರು ಬಿಟ್ಟಳು. ಅವಳಿಗೆ ಪಾಠ ಹೇಳಿಕೊಟ್ಟವರು ಜಯ.

“ಮಾರಿದೆಯಾ?” ಎಂದರು ಸಿಪ್ರಿಯನರು.

“ಹಾಗೆ ಕೇಳಬೇಡಿ,” ಎಂದರು ಜಯ. “ಬೇರೆ ಎಂತ ಬೇಕಾದರೂ ಕೇಳಿ. ಅದನ್ನು ಕೇಳಬೇಡಿ.”

ಆಮೇಲೆ ಅವರು ಮಾತಾಡಿದರು. ದನಿ ಏರಿಸಲಿಲ್ಲ. ಪಣಂಬೂರಿನ ಬಂದರಿನಲ್ಲಿ ಮೀನಿನ ಶೀತಲಾಗಾರದ ಬಿಡಿಭಾಗ ಎಂದು ಬರೆದಿದ್ದ ಕಳ್ಳಸಾಮಾನಿನ ಪೆಟ್ಟಿಗೆಯನ್ನು ತಾನು ತಡೆದ ದಿನದಿಂದ ಶುರುಮಾಡಿದರು. ತೂಕ ಕೈಗೆ ಸರಿಬರಲಿಲ್ಲವೆಂದು ತಡೆದದ್ದು ತಾನು. ಪ್ರಶಂಸಾಪತ್ರ ಹೋದದ್ದು ಸೂಪರಿಂಟೆಂಡೆಂಟರಿಗೆ. ಅದು ಪದ್ಧತಿ, ಅದಕ್ಕೆ ತಾನು ಮುಖ ಸಣ್ಣ ಮಾಡಲಿಲ್ಲ. ಬಂದರಿಗೆ ಇಂಥ ಒಂದು ತರಬೇತಿ ಬೇಕು ಎಂದು ಹೊರದೇಶದ ನಿಧಿಯವರಿಗೆ ಮೊದಲು ಬರೆದದ್ದೂ ತಾನು. ನಿಧಿ ಬಂದಾಗ ಸಂದರ್ಶನಕ್ಕೆ ಕರೆದರು. ಕಂಪ್ಯೂಟರ್ ಪರದೆಯ ಆಚೆಗಿದ್ದವರ ಇಂಗ್ಲಿಷು ತನಗೆ ಅರ್ಥವಾಯಿತು, ತನ್ನದು ಅವರಿಗೆ ಅರ್ಥವಾಗಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಲಿಡಿಯಾಳಿಗೆ ಕುರ್ಚಿ ಸಿಕ್ಕಿತು.

“ಪ್ರಶಂಸೆ ನಿಮಗೆ, ಕುರ್ಚಿ ನಿಮ್ಮ ಅಣ್ಣನ ಮಗಳಿಗೆ. ನಿಮ್ಮ ಮನೆಯವರಿಗಾಗಿ ನಾನು ಇನ್ನೂ ಎಂತ ಮಾಡಬೇಕು ಪೊರ್ಬುಲೆ?”

ಜಯ ಮುಂದುವರಿಸಿದರು.

“ಅವಳಿಗೆ ವಾಲ್ವ್ ಅಂದರೆ ಎಂತ ಅಂತ ಕಲಿಸಿದ್ದು ನಾನು. ಕಲಿತಾದ ಮೇಲೆ ನಿಧಿಯವರ ಸಭೆಗೆ ವಿಯೆನ್ನಾಕ್ಕೆ ಅವಳು ಹೋದಳು. ಬರುವಾಗ ನನಗೆ ಚಾಕಲೇಟು ತಂದಳು. ಮಕ್ಕಳಿಗೆ ತರ್ತಾರಲ್ಲ, ಹಾಗೆ.”

“ಅದು ಇನ್ನೂ ಫ್ರಿಜ್ಜಲ್ಲುಂಟು,” ಎಂದರು ಬಾಗಿ. “ಇವರು ತಿನ್ನುವುದೂ ಇಲ್ಲ, ಬಿಸಾಡ್ಲಿಕ್ಕೆ ಬಿಡುವುದೂ ಇಲ್ಲ. ಬಾಗಿಲು ತೆಗೆದು ನೋಡುವುದು, ಮುಚ್ಚುವುದು.”

ಅವರ ದನಿ ಬೇರೆಯಾಗಿತ್ತು. ಎಲ್ಲರೂ ಅವರ ಕಡೆ ತಿರುಗಿದರು.

“ಊಟಕ್ಕೆ ಕೂತರೆ ಲಿಡಿಯಾ. ಮಲಗಲಿಕ್ಕೆ ಹೋದರೆ ಲಿಡಿಯಾ. ಲಿಡಿಯಾ ಇವತ್ತು ಹೀಗೆ ಹೇಳಿದಳು, ಲಿಡಿಯಾ ಇವತ್ತು ಹಾಗೆ ಮಾಡಿದಳು. ನಾನು ಬೇರೆಯೇ ಎಣಿಸಿದ್ದೆ. ಆ ಚಾಕಲೇಟನ್ನು ನೋಡಿ ನೋಡಿ ನನಗೆ ನಿದ್ರೆ ಬರುತ್ತಿರಲಿಲ್ಲ.”

“ಎಂತ ಬೇರೆ?” ಜಯ ಕೇಳಿದರು. ಅರ್ಥವಾದ ಮೇಲೆ ಬಾಯಿ ತೆರೆದೇ ಇತ್ತು. “ಬಾಗಿ, ನನ್ನ ಮಂಡಿ ಮಡಚುವುದಿಲ್ಲ.”

“ಮಂಡಿಯ ವಿಷಯ ನಾನು ಹೇಳಲಿಲ್ಲ.”

ಅಕ್ಷಿತಾ ಮುಖ ತಿರುಗಿಸಿ ನಗು ನುಂಗಿದಳು. ಸಿಪ್ರಿಯನರಿಗೆ ನಗು ಬರಲಿಲ್ಲ. ತನ್ನ ಮೇಲೆ ಸಂಶಯಪಟ್ಟು ನಿದ್ರೆಗೆಡಲು ಈ ಮನುಷ್ಯನಿಗೆ ಒಬ್ಬಳಿದ್ದಾಳೆ ಎಂದು ಅವರು ಯೋಚಿಸಿದರು. ಆ ಯೋಚನೆ ಎದೆಯಲ್ಲಿ ಕೆಂಡದಂತೆ ಕೂತಿತು.

ತಾನು ಈ ಮನೆಯ ಮೆಟ್ಟಿಲು ಹತ್ತಿದ್ದು ಲಿಡಿಯಾಳನ್ನು ಉಳಿಸಲಿಕ್ಕೆ ಮಾತ್ರವಲ್ಲ ಎಂದು ಅವರಿಗೆ ಆಗ ತಿಳಿಯಿತು. ಜಯನ ತಲೆ ತಗ್ಗಿದ್ದನ್ನು ಬಾಗಿ ನೋಡಬೇಕು ಎಂಬ ಆಸೆಯೂ ಜೊತೆಗೆ ಹತ್ತಿ ಬಂದಿತ್ತು. ಈಗ ಬಾಗಿ ನೋಡಿದ್ದರು. ನೋಡಿ, ಗಂಡನ ಹತ್ತಿರಕ್ಕೆ ಸರಿದು ಕೂತಿದ್ದರು.

“ನೀನು ಎಣಿಸಿದ್ದು ಎಂತ?” ಎಂದು ಸಿಪ್ರಿಯನರು ಗಡುಸಾಗಿ ಕೇಳಿದರು. “ನಾಳೆ ಅವರ ಮುಂದೆ ಅವಳ ಮರ್ಯಾದೆ ಹೋಗಬೇಕು. ಅಷ್ಟೇ ಅಲ್ಲವಾ?”

ಅಷ್ಟೇ ಎಂದು ಜಯ ಒಪ್ಪಿಕೊಂಡರು. ಪರಿಶೀಲಕರ ಎದುರು ಗನ್ನು ಹಿಡಿಯುವಾಗ ಉಕ್ಕು ಎಂದು ಬರಬೇಕು. ಅವಳು ತಡವರಿಸಬೇಕು. ಆಮೇಲೆ ತಾನು ಅಸಲನ್ನು ಹುಡುಕಿ ತಂದುಕೊಡಬೇಕು. ನಿಧಿಯೂ ನಿಲ್ಲುವುದಿಲ್ಲ, ಕುರ್ಚಿಯೂ ಕೈಬದಲಾಗುತ್ತದೆ.

“ಪೊಲೀಸರು ಅವಳನ್ನು ಕರೆದುಕೊಂಡು ಹೋಗ್ತಾರೆ ಅಂತ ಹೊಳೆಯಲಿಲ್ಲವಾ? ಇಡೀ ನೌಕರಿ ಕಸ್ಟಮ್ಸಿನಲ್ಲಿ ಮಾಡಿದವನು ನೀನು.”

“ಹೊಳೆಯಿತು,” ಎಂದರು ಜಯ, ಈಗ ತುಳುವಿನಲ್ಲಿ. “ಹೊಳೆದದ್ದು ಇಟ್ಟಾದ ಮೇಲೆ. ಹಿಂದೆ ಇಡಲಿಕ್ಕೆ ಬೀಗದ ಕೈ ಮತ್ತೆ ಸಿಕ್ಕಲಿಲ್ಲ.”

ಅಸಲು ಎಲ್ಲಿದೆ ಎಂದು ಕೇಳಿದಾಗ ಅವರು ಎದ್ದು ಹಿತ್ತಲಿಗೆ ಹೋದರು. ಬಚ್ಚಲಿನ ಒಲೆಗೆಂದು ಕೂಡಿಟ್ಟ ತೆಂಗಿನ ಸಿಪ್ಪೆಯ ರಾಶಿಯನ್ನು ಸರಿಸಿ, ತಳದಿಂದ ಒಂದು ಗಂಟನ್ನು ತೆಗೆದರು. ಬಾಗಿಯ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ, ಹೆತ್ತ ಮಗುವನ್ನು ಸುತ್ತಿದ ಹಾಗೆ ಸುತ್ತಿದ್ದರು. ದೇವರ ಕೋಣೆಯಲ್ಲಿಡಲು ಮನಸ್ಸು ಬರಲಿಲ್ಲ, ಕದ್ದ ಸಾಮಾನು ಎಂದರು. ಜಗಲಿಗೆ ತಂದು ಟೀಪಾಯಿಯ ಮೇಲೆ ಬಿಚ್ಚಿದರು.

ಹೊಳೆಯುವ ಹೊಚ್ಚ ಹೊಸ ವಾಲ್ವು. ಬಾಯಿಯ ಗೀರುಗಳಲ್ಲಿ ಒಂದು ಧೂಳಿನ ಕಣವೂ ಇಲ್ಲ.

ಸಿಪ್ರಿಯನರು ಶಿಲುಬೆಯ ಗುರುತು ಮಾಡಿಕೊಂಡರು. ಮನಸ್ಸಿನಲ್ಲೇ ದೇವರಿಗೆ ಉಪಕಾರ ಹೇಳಿದರು. ಲಿಡಿಯಾ ಉಳಿದಳು. ಜಯನ ವಿಷಯವನ್ನು ಆಮೇಲೆ ಯೋಚಿಸಬಹುದು.

ಅಕ್ಷಿತಾಳನ್ನು ಯಾರೂ ಕೇಳಲಿಲ್ಲ. ಮಾದರಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಗನ್ನು ಹಿಡಿಯುವುದು ಅವಳಿಗೆ ರೂಢಿ. ಜಯನೇ ಮಾಡಿಸಿದ ರೂಢಿ. ಪೆಟ್ಟಿಗೆ ತೆರೆದು, ಮೂತಿಯನ್ನು ಹೊಸ ವಾಲ್ವಿಗೆ ಒತ್ತಿ ಹಿಡಿದಳು. ಪರದೆ ನೋಡಿದಳು. ವಾಲ್ವನ್ನು ಹೊರಳಿಸಿ ಇನ್ನೊಂದು ಬದಿಗೆ ಒತ್ತಿದಳು. ಗನ್ನನ್ನು ಒರೆಸಿ ಮತ್ತೆ ಒತ್ತಿದಳು.

“ಸರ್,” ಎಂದಳು. ಯಾವ ಸರನ್ನು ಕರೆದದ್ದೆಂದು ತಿಳಿಯಲಿಲ್ಲ.

ಜಯ ಅವಳ ಕೈಯಿಂದ ಗನ್ನನ್ನು ಕಿತ್ತುಕೊಂಡು ತಾನೇ ಒತ್ತಿದರು. ಅಕ್ಷರಗಳು ಮೂಡಿದವು. ಕನ್ನಡಕವನ್ನು ಸರಿಮಾಡಿಕೊಂಡು ಓದಿದರು.

ಕಬ್ಬಿಣ. ಕ್ರೋಮಿಯಂ. ನಿಕ್ಕಲ್, ಮಾಮೂಲು ಉಕ್ಕಿನಲ್ಲಿರುವಷ್ಟು ಮಾತ್ರ.

“ಇದೂ ಉಕ್ಕು,” ಎಂದರು.

ಸಿಪ್ರಿಯನರು ಜಯನ ಮುಖವನ್ನೇ ನೋಡುತ್ತಿದ್ದರು. ಸುಳ್ಳು ಹೇಳುವವರ ಮುಖಗಳನ್ನು ಅವರು ಜೀವಮಾನವಿಡೀ ನೋಡಿದ್ದರು. ಈ ಮುಖದಲ್ಲಿ ಇದ್ದದ್ದು ಅದಲ್ಲ. ಮೋಸ ಮಾಡಲು ಹೊರಟು ಮೋಸಹೋದವನ ಪೆಚ್ಚು ಅದು. ಉಕ್ಕಿನ ತುಂಡೊಂದನ್ನು ಹೆಂಡತಿಯ ಸೀರೆಯಲ್ಲಿ ಸುತ್ತಿ ಕಾದವನು ಇವನು.

“ನಾನು ಕಪಾಟಿನಿಂದ ತೆಗೆದದ್ದು ಇದನ್ನೇ,” ಎಂದರು ಜಯ. “ಅಮ್ಮನಾಣೆ ಪೊರ್ಬುಲೆ. ಮಾಹಿತಿಯ ಬಿಲ್ಲೆ ಇದರ ಕುತ್ತಿಗೆಯಲ್ಲೇ ಇತ್ತು. ಅದನ್ನು ಬಿಚ್ಚಿ ದೀಪೇಶನ ವಾಲ್ವಿಗೆ ಕಟ್ಟಿದೆ. ಅಸಲನ್ನೇ ತೆಗ್ದೆ ಅಂತ ಎಣಿಸಿದ್ದೆ.”

“ಮೊಹರು ಒಡೆದ ದಿನ ಅಸಲೇ ಇತ್ತು,” ಎಂದಳು ಅಕ್ಷಿತಾ. “ನಾನೇ ನೋಡಿದ್ದೇನೆ.”

ಜಯ ಗನ್ನನ್ನು ಮೆಲ್ಲಗೆ ಕೆಳಗಿಟ್ಟರು. ಈಗ ಅವರು ಮತ್ತೆ ಇನ್ಸ್‌ಪೆಕ್ಟರ್ ಆಗಿದ್ದರು. ಕಣ್ಣುಗಳಲ್ಲಿ ಹಳೆಯ ಬೆಳಕು ಬಂದಿತ್ತು, ಮತ್ತು ಅದರಲ್ಲಿ ಸಿಪ್ರಿಯನರಿಗೆ ಸಹಿಸಲಾಗದ ಒಂದು ಸಂತೋಷವೂ ಇತ್ತು.

“ಹಾಗಾದರೆ ಮೊಹರು ಒಡೆದ ದಿನಕ್ಕೂ ಕ್ರಿಸ್ಮಸ್ಸಿನ ಹಿಂದಿನ ದಿನಕ್ಕೂ ನಡುವೆ ಒಬ್ಬರು ಬದಲಾಯಿಸಿದ್ದಾರೆ. ನನಗಿಂತ ಮೊದಲೇ. ಕುಂಕುಮ ಇಲ್ಲದ ವಾಲ್ವ್ ತರುವಷ್ಟು ಬುದ್ಧಿ ಇದ್ದವರು. ಆ ದಿನಗಳಲ್ಲಿ ಬೀಗದ ಕೈ ಯಾರ ಹತ್ತಿರ ಇತ್ತು, ಸರ್?”

ಸಿಪ್ರಿಯನರು ಮೊಬೈಲು ತೆಗೆದುಕೊಂಡು ಅಂಗಳಕ್ಕೆ ಇಳಿದರು. ಬಾವಿಕಟ್ಟೆಯ ಆಚೆ, ಜಗಲಿಗೆ ಮಾತು ಕೇಳದಷ್ಟು ದೂರ ಹೋಗಿ ನಿಂತರು.

ಲಿಡಿಯಾ ಕೂಡಲೇ ಎತ್ತಿದಳು. ಸಿಕ್ಕಿತೇ ಎಂದು ಕೊಂಕಣಿಯಲ್ಲಿ ಕೇಳಿದಳು. ಜಯ ಒಪ್ಪಿಕೊಂಡನೆಂದೂ, ಬಚ್ಚಿಟ್ಟ ವಾಲ್ವು ಸಿಕ್ಕಿತೆಂದೂ ಸಿಪ್ರಿಯನರು ಹೇಳಿದರು. ಆಚೆಯಿಂದ ಅಳು ತಡೆದುಕೊಂಡ ಉಸಿರು ಕೇಳಿಸಿತು.

“ಬೇಗ ತನ್ನಿ ಬಾಪ್ಪು. ನಾನೇ ಕಪಾಟಿನಲ್ಲಿಟ್ಟು ಬೀಗ ಹಾಕ್ತೇನೆ. ಜಯಣ್ಣನ ಮೇಲೆ ಕಂಪ್ಲೇಂಟು ಎಲ್ಲ ಬೇಡ, ಪಾಪ. ನಾಳೆ ಗನ್ನಿನ ಬ್ಯಾಟರಿ ಹೋಗಿದೆ ಅಂತ ಹೇಳಿ ಬರೇ ತೋರಿಸಿದರಾಯ್ತು.”

ಮಗುವಾಗಿದ್ದಾಗ ಅವಳಿಗೆ ಜಪಸರ ಹೇಳಲು ಕಲಿಸಿದವಳು ಮಗ್ದಲೀನ್. ಮಕ್ಕಳಿಲ್ಲದ ಅವರ ಮನೆಯಲ್ಲಿ ಅವಳೇ ಮಗಳು.

“ಲಿಡಿಯಾ,” ಎಂದರು ಸಿಪ್ರಿಯನ್. “ಇದೂ ಉಕ್ಕು.”

ಆಚೆ ಬಂದರಿನಲ್ಲಿ ಲಾರಿಯೊಂದು ಹಿಂದೆ ಸರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಅವಳು ಆಶ್ಚರ್ಯಪಡುತ್ತಾಳೆಂದು ಅವರು ಕಾದರು. ಹೇಗೆ ಎಂದು ಕೇಳಲಿ, ಸಾಧ್ಯವೇ ಇಲ್ಲ ಎನ್ನಲಿ, ಜಯನನ್ನು ಬೈಯಲಿ. ಇವುಗಳಲ್ಲಿ ಒಂದನ್ನಾದರೂ ಹೇಳಲಿ ಎಂದು ಜೇಬಿನ ಜಪಮಾಲೆಯನ್ನು ಹಿಡಿದು ಬೇಡಿಕೊಂಡರು.

“ನಾನು ಹೇಳಿದ್ದು ಕದ್ದವರನ್ನು ಹಿಡಿಯಲಿಕ್ಕೆ,” ಎಂದಳು ಲಿಡಿಯಾ. ದನಿ ತಣ್ಣಗಿತ್ತು. “ಇದಕ್ಕೆ ಗನ್ನು ಹಿಡಿಯಲಿಕ್ಕೆ ನಿಮಗೆ ಯಾರು ಹೇಳಿದ್ದು, ಬಾಪ್ಪು?”

ಫೋನು ಕಟ್ಟಾಯಿತು.

ಸಿಪ್ರಿಯನರು ಜಗಲಿಗೆ ವಾಪಸು ಬಂದರು. ಮೂವರೂ ಅವರನ್ನೇ ನೋಡುತ್ತಿದ್ದರು. ಬಾಗಿ ಒಂದು ಲೋಟ ನೀರು ಮುಂದೆ ಹಿಡಿದರು. ಅವರು ಕುಡಿಯಲಿಲ್ಲ.

“ಎಂತ ಹೇಳಿದಳು?” ಎಂದು ಜಯ ಕೇಳಿದರು.

ಜೀವಮಾನದಲ್ಲಿ ಒಂದು ತನಿಖೆಯಲ್ಲೂ ಸುಳ್ಳು ಹೇಳದವರು ಸಿಪ್ರಿಯನ್ ಮಸ್ಕರೇನ್ಹಸ್. ಅದು ಅವರ ಭಕ್ತಿಯ ಒಂದು ಭಾಗವಾಗಿತ್ತು.

“ಇಲ್ಲಿ ರೇಂಜ್ ಇಲ್ಲ,” ಎಂದರು. “ಲೈನೇ ಸಿಗಲಿಲ್ಲ.”

ಆ ಮಾತು ಮುಗಿಯುವಷ್ಟರಲ್ಲಿ ಅಕ್ಷಿತಾಳ ಕೈಯಲ್ಲಿದ್ದ ಮೊಬೈಲು ರಿಂಗಾಯಿತು. ಅವಳು ಅದನ್ನು ತಿರುಗಿಸಿ ಹೆಸರು ನೋಡಿದಳು. ಎತ್ತಲಿಲ್ಲ. ತಲೆಯೆತ್ತಿ ಸಿಪ್ರಿಯನರ ಮುಖ ನೋಡಿದಳು.

“ಲಿಡಿಯಾ ಮೇಡಂ,” ಎಂದಳು.